ಬ್ಲೋವರ್ ಇಲ್ಲದೆ ಒಂದು ಚರಂಡಿ ತಿಳಿಯಾದ ಕಥೆ: ನನ್ನ ಅನುಭವ

"ಜಲ್ಲಿ ಮೇಲೆ ಕಾಬಾಳೆ ನೆಟ್ಟರೆ ಕೊಳಚೆ ತಿಳಿಯಾಗುತ್ತಾ?" ಅಂತ ಕೇಳಿದವರೇ ಈಗ ಪೈಪಿನ ಬಾಯಿಗೆ ಬಾಟಲಿ ಹಿಡಿದು ನೋಡಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತುಂಗಭದ್ರೆ ದಡದ ಸಣ್ಣ ಊರು. ಯುಜಿಡಿ (ನೆಲದೊಳಗಿನ ಒಳಚರಂಡಿ) ಇಲ್ಲ. ಐದು ಚರಂಡಿಗಳು ನೇರ ಹೊಳೆಗೇ. ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಹೊಳೆ ಬತ್ತಿದಾಗ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹರಿಯುವುದು ಹೆಚ್ಚಾಗಿ ನಮ್ಮ ಬಚ್ಚಲು ನೀರೇ. ನಾನು ಹಿಡಿದದ್ದು ಒಂದು ಚರಂಡಿ. ಸುಮಾರು 220 ಮನೆ, ದಿನಕ್ಕೆ ಲಕ್ಷ ಲೀಟರ್ ಹತ್ತಿರ.

ಬ್ಲೋವರ್‌ನಿಂದ ಗಾಳಿ ಊದಿ ಕೊಳಚೆ ಶುದ್ಧ ಮಾಡುವ ಯಂತ್ರದ ಘಟಕಕ್ಕೆ (ಎಸ್‌ಟಿಪಿ) ಕೋಟಿ ಮೇಲೆ ಹೇಳಿದ್ದರು. ಕಟ್ಟಿಸಬಹುದು, ಆದರೆ ತಿಂಗಳಿಗೆ 25 ಸಾವಿರ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲದ ಹೂಳು ಸಂಸ್ಕರಿಸುವ ಘಟಕ ನೋಡಿ ಬಂದ ಮೇಲೆ ನನಗೆ ಧೈರ್ಯ ಬಂತು. ನಾನು ಕಟ್ಟಿಸಿದ್ದು ಇಷ್ಟು: ಕೆಸರು ತಳಕ್ಕೆ ಕೂರುವ ಸೆಟ್ಲರ್ ತೊಟ್ಟಿ, ಅಡ್ಡಗೋಡೆಗಳ ಮಧ್ಯೆ ನೀರು ಮೇಲೆ ಕೆಳಗೆ ಹರಿಯುವ ಆರು ಕೋಣೆಯ ಬಫಲ್ ಟ್ಯಾಂಕ್, ಕಾಬಾಳೆ ನೆಟ್ಟ ಆರೇಳು ಗುಂಟೆ ಜಲ್ಲಿ ಹಾಸಿಗೆ, ಕೊನೆಗೊಂದು ಹೊಂಡ. ಎಲ್ಲ ಸೇರಿ 48 ಲಕ್ಷದ ಆಸುಪಾಸು.

ಮೊದಲ ಹಾಸಿಗೆ ಏಳೇ ತಿಂಗಳಿಗೆ ಕಟ್ಟಿಕೊಂಡಿತು. ನೀರು ಜಲ್ಲಿಯೊಳಗೆ ಇಳಿಯದೆ ಮೇಲೇ ನಿಂತಿತು. ವಾಸನೆ, ಸೊಳ್ಳೆ, ದಿನಾ ಜಗಳ. ಅಗೆಸಿ ನೋಡಿದರೆ ತಳದಲ್ಲಿ ಕಲ್ಲುಪುಡಿ ಗಾರೆಯ ಹಾಗೆ ಕೂತಿತ್ತು. ಜಲ್ಲಿ ತೊಳೆದು ಕೊಡಿ ಅಂದಿದ್ದೆ, ಕ್ವಾರಿಯವರು ತೊಳೆದಿರಲಿಲ್ಲ. ಇಳಿಸುವಾಗ ನಾನು ನಿಂತು ನೋಡಬೇಕಿತ್ತು, ಅವತ್ತು ಮದುವೆಗೆ ಹೋಗಿದ್ದೆ. ಅದರ ಮೇಲೆ ಬಸ್ ಸ್ಟ್ಯಾಂಡ್ ಕಡೆಯ ಮೂರು ಹೋಟೆಲಿನ ಎಣ್ಣೆಜಿಡ್ಡು. ಅಷ್ಟೂ ಜಲ್ಲಿ ತೆಗೆದು, ಜರಡಿ ಹಿಡಿದು, ತೊಳೆದು ಮತ್ತೆ ಹಾಕಲು ಮೂರೂವರೆ ಲಕ್ಷ ಹೋಯಿತು. ಅದರಲ್ಲಿ ಅರವತ್ತು ಸಾವಿರ ನನ್ನ ಕೈಯಿಂದ. ಇವತ್ತಿಗೂ ವಾಪಸ್ ಬಂದಿಲ್ಲ.

ಈ ಸಲ ನೀರು ಒಳಬರುವ ಕಡೆ ಆರು ಅಡಿ ದಪ್ಪಜಲ್ಲಿ, ಆಮೇಲೆ ಸಣ್ಣದು. ಹೋಟೆಲ್‌ಗಳಿಗೆ ಜಿಡ್ಡಿನ ತೊಟ್ಟಿ ಕಟ್ಟಿಸಿದ ಮೇಲೇ ನೀರು ಬಿಟ್ಟೆ.

ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಬಫಲ್ ಟ್ಯಾಂಕ್ ಹದಕ್ಕೆ ಬರಲು ಮೂರು ತಿಂಗಳು ಬೇಕು, ಅಲ್ವಾ? ನನಗೆ ಏಳು ವಾರ ಸಾಕಾಯಿತು. ಗೋಬರ್ ಗ್ಯಾಸಿನ ಸ್ಲರಿ ಹಾಕಿದೆ ಅನ್ನುವಷ್ಟು ಹೇಳುತ್ತೇನೆ. ಯಾವ ಕೋಣೆಗೆ, ಎಷ್ಟು, ಜೊತೆಗೆ ಏನು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಕೂಡ ಹಾಕಿ ನೋಡಿದೆ, ಕೆಜಿಗೆ 900 ರೂಪಾಯಿ. ಸುಮ್ನೆ ದುಡ್ಡು ದಂಡ.

ಹೊಂಡದಲ್ಲಿ ಬಿದಿರಿನ ತೆಪ್ಪ ಕಟ್ಟಿ ಲಾವಂಚ ಬೆಳೆಸಿದೆ. ಬೇರು ಎರಡಡಿ ಇಳಿಯಿತು, ಪರಿಮಳವೂ ಬಂತು. ನೀರಿನ ಪರೀಕ್ಷೆಯ ರಿಪೋರ್ಟಿನಲ್ಲಿ ಮಾತ್ರ ಹೇಳುವಂಥ ಬದಲಾವಣೆ ಕಾಣಲಿಲ್ಲ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟದ್ದು ಒಳ್ಳೆಯದಾಯಿತು. ಮೀನು ತೇಲಿದ ದಿನ ಮೇಲೆಲ್ಲೋ ಯಾರೋ ಏನೋ ಸುರಿದಿದ್ದಾರೆ ಅಂತಲೇ ಲೆಕ್ಕ.

ನೀರಿನ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಅನ್ನುವ ಅಳತೆಯೇ ಬಿಒಡಿ. ಒಳಗೆ ಬರುವಾಗ ಅದು ಲೀಟರಿಗೆ 250 ಮಿಲಿಗ್ರಾಂ ಹತ್ತಿರ, ಹೊರಗೆ 18–20. ಚರಂಡಿ ಹೊಳೆಗೆ ಸೇರುವ ಜಾಗದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಹಿಂದೆ ಬೇಸಿಗೆಯಲ್ಲಿ ಲೀಟರಿಗೆ ಎರಡು ಮಿಲಿಗ್ರಾಂ ದಾಟುತ್ತಿರಲಿಲ್ಲ. ಈ ಏಪ್ರಿಲ್‌ನಲ್ಲಿ ನನ್ನ ಕಿಟ್ಟಿನಲ್ಲಿ ಐದರ ಹತ್ತಿರ ಬಂತು. ಕಪ್ಪು ಕೆಸರಿದ್ದ ಕಡೆ ಮರಳು ಕಾಣುತ್ತಿದೆ. ಮರಿಮೀನಿನ ಹಿಂಡು ನೋಡಿ ನನಗೆ ಕಣ್ಣು ತುಂಬಿತು.

ಪಾಚಿ ಮಾತ್ರ ಪೂರ್ತಿ ಹೋಗಿಲ್ಲ. ಪಾಚಿಗೆ ಗೊಬ್ಬರವಾಗುವ ರಂಜಕವನ್ನು (ಫಾಸ್ಫರಸ್) ಜಲ್ಲಿ ಹಾಸಿಗೆ ಜಾಸ್ತಿ ಹಿಡಿಯುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಹೊಂಡದ ನೀರನ್ನು ಪಕ್ಕದ ತೆಂಗಿನ ತೋಟಕ್ಕೆ ತಿರುಗಿಸುತ್ತಿದ್ದೇವೆ. ಆ ನೀರು ಬಂದ ಮೇಲೆ ರೈತರು ಗೊಬ್ಬರ ಕಮ್ಮಿ ಮಾಡಿದ್ದಾರೆ.

ಇನ್ನೂ ನಾಲ್ಕು ಚರಂಡಿಗಳಿವೆ. ಸಂತೆಪೇಟೆಯದಕ್ಕೆ ಲೆವೆಲ್ ನೋಡಿಯಾಯಿತು. ಒಂದೂಕಾಲು ಅಡಿ ಇಳಿಜಾರು ಸಿಗುತ್ತದೆ, ಪಂಪ್ ಬೇಡ. ಈ ಸಲ ಜಲ್ಲಿ ಇಳಿಯುವ ದಿನ ನಾನು ಲಾರಿ ಪಕ್ಕದಲ್ಲೇ ನಿಂತಿರುತ್ತೇನೆ.