ಐದು ದಿನ ಡಯಟ್, ಎರಡು ದಿನ ಔತಣ

ನನ್ನ ಸೊಸೆ ಒಂದು ದಿನ ತೂಕದ ಯಂತ್ರದ ಮೇಲೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಮುಳ್ಳು ಅಲ್ಲೇ ನಿಂತಿತ್ತು. "ಎರಡು ತಿಂಗಳಿಂದ ಬಾಯಿ ಕಟ್ಟಿದ್ದೀನಿ ಅತ್ತೆ, ಈ ಯಂತ್ರವೇ ಕೆಟ್ಟಿರಬೇಕು" ಅಂದಳು. ಯಂತ್ರ ಕೆಟ್ಟಿರಲಿಲ್ಲ. ಅವಳು ಸುಳ್ಳೂ ಹೇಳಿರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅವಳ ತಟ್ಟೆ ನೋಡಿದರೆ ನನಗೇ ಸಂಕಟ ಆಗುತ್ತಿತ್ತು. ಶನಿವಾರ, ಭಾನುವಾರದ ತಟ್ಟೆಯನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಅವಳೂ ನೋಡುತ್ತಿರಲಿಲ್ಲ.

ನಾನು ಅವಳನ್ನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ನಲವತ್ತು ದಾಟಿದ ಮೇಲೆ ನಾನೂ ತೂಕ ಇಳಿಸಲು ಹೊರಟು, ಒಂದು ವರ್ಷ ಪೂರ್ತಿ ಇದೇ ಆಟ ಆಡಿದವಳು. ಹಾಗಾಗಿ ಒಂದು ಹಳೇ ನೋಟ್‌ಬುಕ್ ತೆಗೆದು, ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಒಬ್ಬರಿಗೆ ತೂಕ ಏರದೆ ಇಳಿಯದೆ ಇರಲು ದಿನಕ್ಕೆ 2000 ಕ್ಯಾಲೊರಿ ಬೇಕು ಅಂತ ಇಟ್ಟುಕೊಳ್ಳಿ. ವಯಸ್ಸು, ಎತ್ತರ, ಕೆಲಸದ ಮೇಲೆ ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಲೆಕ್ಕ ಸುಲಭವಾಗಲಿ ಅಂತ ಈ ಸಂಖ್ಯೆ, ಅಷ್ಟೇ. ವಾರದ ಐದು ದಿನ 1500 ತಿಂದರೆ ದಿನಕ್ಕೆ 500 ಉಳಿತಾಯ, ಐದು ದಿನಕ್ಕೆ 2500. ಶನಿವಾರ, ಭಾನುವಾರ 3000 ತಿಂದರೆ ದಿನಕ್ಕೆ 1000 ಹೆಚ್ಚಾಯಿತು, ಎರಡು ದಿನಕ್ಕೆ 2000. ಕೊನೆಗೆ ಕೈಯಲ್ಲಿ ಉಳಿದದ್ದು 500. ಮೈಯಲ್ಲಿನ ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಕಡಿಮೆಯಾಗಬೇಕು. ಅಂದರೆ ಈ 500ಕ್ಕೆ ಕರಗುವುದು 65 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ! ಇಡೀ ವಾರ ಹೊಟ್ಟೆ ಚುರುಗುಟ್ಟಿಸಿಕೊಂಡದ್ದಕ್ಕೆ ಸಿಕ್ಕಿದ್ದು ಅಷ್ಟು. ಭಾನುವಾರ ಇನ್ನೊಂದು ಸ್ವಲ್ಪ ಕೈ ಜಾರಿದರೆ ಅದೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಒಂದು ದಿನಕ್ಕೆ ಸಾವಿರ ಹೆಚ್ಚಾಗುವಷ್ಟು ನಾನು ತಿನ್ನಲ್ಲ ಅತ್ತೆ" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ಒಂದು ಭಾನುವಾರ ನನ್ನದೇ ಕೈಯ ಬೆನ್ನು ಹತ್ತಿದೆ. ಬೇರೆ ದಿನ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದೆ, ನಾಲ್ಕು ಜನಕ್ಕೆ ನಾಲ್ಕು ದೊಡ್ಡ ಚಮಚ. ಭಾನುವಾರ ಮಾತ್ರ ಡಬ್ಬಿ ಬಗ್ಗಿಸಿ ನೇರ ಬಾಣಲೆಗೆ ಸುರಿಯುವ ಅಭ್ಯಾಸ. ಆವತ್ತು ಬಾಣಲೆಗೆ ಸುರಿಯುವ ಬದಲು ಲೋಟಕ್ಕೆ ಸುರಿದು, ಚಮಚದಲ್ಲಿ ಅಳೆದು ನೋಡಿದೆ. ಎಂಟು ಚಮಚ! ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ನಾಲ್ಕು ಚಮಚ ಹೆಚ್ಚು ಬಿದ್ದರೆ ತಲೆಗೆ 120 ಜಾಸ್ತಿ, ಅದೂ ಒಂದೇ ಹೊತ್ತಿಗೆ. ತಟ್ಟೆಯಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ, ಹೊಟ್ಟೆ ತುಂಬಿಸುವುದೂ ಇಲ್ಲ.

ಆಮೇಲೆ ಉಪ್ಪು ನೋಡುವ ನೆಪದಲ್ಲಿ ಮೂರು ಸಲ ರುಚಿ ನೋಡಿದೆ. ಮೊಮ್ಮಗ ತಟ್ಟೆಯಲ್ಲಿ ಬಿಟ್ಟದ್ದು ಹಾಳಾಗಬಾರದು ಅಂತ ನಾನೇ ಮುಗಿಸಿದೆ. (ಮನೆಯಲ್ಲಿ ಅಡುಗೆ ಮಾಡುವವರೆಲ್ಲ ಈ ಕೆಲಸ ಮಾಡುತ್ತೇವೆ, ಅಲ್ವಾ? ನಮ್ಮ ಹೊಟ್ಟೆ ಕಸದ ಬುಟ್ಟಿಯಲ್ಲ ಅಂತ ನೆನಪಾಗಲು ನನಗೆ ಬಹಳ ವರ್ಷ ಬೇಕಾಯಿತು.) ಸಂಜೆ ಟಿವಿ ಮುಂದೆ ಒಂದು ಹಿಡಿ ಗೋಡಂಬಿ, ಬಾದಾಮಿ. ಒಳ್ಳೆಯದೇ, ಆದರೆ 30 ಗ್ರಾಂಗೆ ಹೆಚ್ಚುಕಡಿಮೆ 170. ಇನ್ನೊಂದು ಹಿಡಿ ತೆಗೆದುಕೊಂಡದ್ದು ನೆನಪೇ ಇಲ್ಲ. ಒಂದು ಲೋಟ ತಂಪು ಪಾನೀಯ: 300 ಮಿಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, 120 ಕ್ಯಾಲೊರಿ. ರಾತ್ರಿ ಸಿಹಿ. ಯಾವುದೂ ದೊಡ್ಡದಲ್ಲ. ಕೂಡಿಸಿದಾಗ ಸಾವಿರಕ್ಕೆ ಸ್ವಲ್ಪವೇ ಕಡಿಮೆ ಬಂತು. ಮದ್ಯ ಕುಡಿಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದರಲ್ಲಿರುವ ಆಲ್ಕೋಹಾಲ್‌ಗೆ ಗ್ರಾಂಗೆ 7 ಕ್ಯಾಲೊರಿ. ಸಕ್ಕರೆಗೆ 4, ಎಣ್ಣೆಗೆ 9.

ಇಷ್ಟು ಕೇಳಿದ ತಕ್ಷಣ ಎಲ್ಲರೂ ಹೇಳುವುದು ಒಂದೇ: "ಹಾಗಾದರೆ ಇನ್ನು ಮೇಲೆ ಭಾನುವಾರವೂ ಬಿಗಿಯಾಗಿ ಇರುತ್ತೇನೆ." ನಾನು ಬೇಡ ಅನ್ನುತ್ತೇನೆ. ಭಾನುವಾರ ಸಡಿಲವಾಗುವುದು ಸೋಮವಾರ ಅತಿ ಬಿಗಿ ಮಾಡಿದ್ದರಿಂದ. ಐದು ದಿನ ಮನಸ್ಸಿಗೆ "ಶನಿವಾರ ತಿನ್ನುವಿಯಂತೆ" ಅಂತ ಆಸೆ ತೋರಿಸಿಕೊಂಡು ಬಂದಿರುತ್ತೀರಿ. ಶನಿವಾರ ಬಂದಾಗ ಅದು ಸಾಲಗಾರನ ಹಾಗೆ ಬಾಗಿಲಲ್ಲಿ ಕೂರುತ್ತದೆ. ಹಗ್ಗ ಸಡಿಲ ಮಾಡಬೇಕಾದದ್ದು ವಾರದ ದಿನಗಳಲ್ಲಿ.

ನಾವು ಮಾಡಿದ್ದು ಹೀಗೆ. ಐದು ದಿನ 1500 ಇದ್ದದ್ದನ್ನು 1600 ಮಾಡಿದೆವು. ಸಂಜೆ ನಾಲ್ಕಕ್ಕೆ ಒಂದು ಸಣ್ಣ ಹಣ್ಣು, ಒಂದು ಚಿಕ್ಕ ಬಟ್ಟಲು ಮೊಸರು ಸೇರಿತು ಅಷ್ಟೇ. ಶನಿವಾರ, ಭಾನುವಾರಕ್ಕೆ 2200ರ ಗೆರೆ ಎಳೆದೆವು. ಗಮನಿಸಿ, ಆ ಎರಡು ದಿನ 2000 ಕೂಡ ಅಲ್ಲ, ಅದಕ್ಕಿಂತ ಜಾಸ್ತಿ. ಆದರೂ ವಾರಕ್ಕೆ 1600 ಕ್ಯಾಲೊರಿ ಉಳಿಯುತ್ತದೆ, ಮೊದಲಿಗಿಂತ ಮೂರು ಪಟ್ಟು. ಐದು ವಾರಕ್ಕೆ ಸುಮಾರು ಒಂದು ಕೆಜಿ. ನಿಧಾನ, ಹೌದು. ತೂಕ ಇಳಿದಂತೆ ಮೈಗೆ ಬೇಕಾದದ್ದೂ ಕಡಿಮೆಯಾಗುವುದರಿಂದ ಮುಂದೆ ಇನ್ನೂ ನಿಧಾನ ಆಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಲೆಕ್ಕ ಮತ್ತೆ ನೋಡಿಕೊಳ್ಳಬೇಕು.

ಆ 2200 ಹೇಗೆ ಬಳಸಬೇಕು ಅನ್ನುವುದರಲ್ಲೇ ಜಾಣತನ. ವಾರಕ್ಕೆ 21 ಊಟ, ಅದರಲ್ಲಿ ಶನಿವಾರ, ಭಾನುವಾರದ್ದು ಆರು. ಆ ಆರರಲ್ಲಿ ಒಂದನ್ನು ಆರಿಸಿಕೊಳ್ಳಿ. ನಿಮಗೆ ನಿಜವಾಗಿ ಇಷ್ಟವಾದ ಊಟ, ಇಷ್ಟವಾದವರ ಜೊತೆ. ಅದನ್ನು ಕೂತು, ನಿಧಾನವಾಗಿ, ಯಾವ ಅಳುಕೂ ಇಲ್ಲದೆ ತಿನ್ನಿ. ಉಳಿದ ಐದು ಬೇರೆ ದಿನದ ಊಟದ ಹಾಗೇ ಇರಲಿ. ನೀವು ಗಮನಿಸಿ ನೋಡಿ, ಭಾನುವಾರ ತಿನ್ನುವ ಮುಕ್ಕಾಲು ಪಾಲು ಇಷ್ಟಪಟ್ಟು ತಿಂದದ್ದೇ ಅಲ್ಲ. ಎದುರಿಗಿತ್ತು, ಸುಮ್ನೆ ಕೈ ಹೋಯಿತು.

ರಾತ್ರಿ ಔತಣ ಇದೆ ಅಂತ ಬೆಳಗಿನಿಂದ ಉಪವಾಸ ಕೂರುವವರಿದ್ದಾರೆ. ನಾನೂ ಮಾಡಿದ್ದೇನೆ. ಆ ಹಸಿವಿನಲ್ಲಿ ಹೋದರೆ ಊಟ ಬಡಿಸುವ ಮೊದಲೇ ಕರಿದದ್ದನ್ನು ತಿಂದು ಮುಗಿಸಿರುತ್ತೀರಿ. ಹೊರಡುವ ಒಂದು ಗಂಟೆ ಮುಂಚೆ ಒಂದು ಬೇಯಿಸಿದ ಮೊಟ್ಟೆಯೋ, ಬಟ್ಟಲು ಕಾಳೋ ತಿಂದು, ನೀರು ಕುಡಿದು ಹೋಗಿ. ಅಲ್ಲಿ ಕೈ ಹಿಡಿತದಲ್ಲಿರುತ್ತದೆ.

ಏಳುವ ಹೊತ್ತಿನದ್ದೂ ಒಂದು ಕಥೆ. ಶುಕ್ರವಾರ ರಾತ್ರಿ ಒಂದು ಗಂಟೆಯವರೆಗೆ ಎದ್ದಿದ್ದು, ಶನಿವಾರ ಹತ್ತಕ್ಕೆ ಎದ್ದರೆ ತಿಂಡಿ ಹನ್ನೊಂದಕ್ಕೆ, ಊಟ ಮೂರಕ್ಕೆ, ಮಧ್ಯರಾತ್ರಿಗೆ ಮತ್ತೆ ಫ್ರಿಜ್ ಬಾಗಿಲು. ನಿದ್ದೆಗೆಟ್ಟ ಮರುದಿನ ಹಸಿವೂ ಜಾಸ್ತಿ, ಸಿಹಿ, ಕರಿದದ್ದರ ಮೇಲೆ ಆಸೆಯೂ ಜಾಸ್ತಿ. ಒಂದು ಗಂಟೆ ತಡವಾಗಿ ಏಳಿ, ಪರವಾಗಿಲ್ಲ. ಮೂರು ಗಂಟೆ ಬೇಡ.

"ಸಂಜೆ ವಾಕಿಂಗ್ ಮಾಡಿ ಕರಗಿಸಿಬಿಡ್ತೀನಿ" ಅನ್ನುವ ಮಾತು ನಮ್ಮ ಯಜಮಾನರದ್ದು. 70 ಕೆಜಿ ಇರುವವರು ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದು ಸುಮಾರು 250ರಿಂದ 300. ನಡೆಯಿರಿ, ಬೇಡ ಅನ್ನಲ್ಲ. ಆದರೆ ಅದನ್ನು ಇನ್ನೊಂದು ತಟ್ಟೆಗೆ ಪರವಾನಗಿ ಮಾಡಿಕೊಳ್ಳಬೇಡಿ.

ಇನ್ನು ಸೋಮವಾರ ಬೆಳಿಗ್ಗೆ. ತೂಕ ನೋಡಿದರೆ ಒಂದು, ಒಂದೂವರೆ ಕೆಜಿ ಏರಿರುತ್ತದೆ. ಎದೆ ಧಸಕ್ ಅನ್ನುತ್ತದೆ. ಹೆದರಬೇಡಿ, ಅದರಲ್ಲಿ ಬಹುಪಾಲು ನೀರು. ಉಪ್ಪು ಜಾಸ್ತಿ ತಿಂದರೆ ಮೈ ನೀರು ಹಿಡಿದಿಡುತ್ತದೆ. ಹಿಟ್ಟು, ಸಕ್ಕರೆಯ ಪದಾರ್ಥ ಜಾಸ್ತಿ ತಿಂದಾಗ ಮೈ ಅದನ್ನು ಗ್ಲೈಕೋಜೆನ್ ಅನ್ನುವ ಸಕ್ಕರೆಯ ದಾಸ್ತಾನು ಮಾಡಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಬುಧವಾರ, ಗುರುವಾರದ ಹೊತ್ತಿಗೆ ಅದು ತಾನೇ ಇಳಿಯುತ್ತದೆ. ಎರಡೇ ದಿನದಲ್ಲಿ ನಿಜವಾದ ಕೊಬ್ಬು ಒಂದು ಕೆಜಿ ಸೇರಬೇಕಾದರೆ, ದಿನದ ಊಟದ ಮೇಲೆ ಇನ್ನೂ 7700 ತಿನ್ನಬೇಕು. ಅಷ್ಟು ತಿನ್ನುವುದು ಸುಲಭವಲ್ಲ. ಆ ಸಂಖ್ಯೆ ನೋಡಿ ಗಾಬರಿಯಾಗಿ ಸೋಮವಾರ ಊಟ ಬಿಡುವುದೇ ದೊಡ್ಡ ತಪ್ಪು, ಮುಂದಿನ ಶನಿವಾರದ ಹಸಿವು ಅಲ್ಲೇ ಹುಟ್ಟುತ್ತದೆ. ನಾವು ಸೋಮವಾರ ಯಂತ್ರವನ್ನು ಮಂಚದ ಕೆಳಗೆ ತಳ್ಳಿದೆವು. ಶುಕ್ರವಾರ ಬೆಳಿಗ್ಗೆ, ಹೊಟ್ಟೆ ಖಾಲಿ ಇದ್ದಾಗ ಹತ್ತುವುದು, ಹಿಂದಿನ ಶುಕ್ರವಾರದ ಜೊತೆ ಹೋಲಿಸುವುದು. ದಿನಾ ನೋಡಲೇಬೇಕು ಅನ್ನುವವರು ಏಳು ದಿನದ ಸರಾಸರಿ ಬರೆದಿಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಹಾಲೂಡಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಬೇಡವೇ ಬೇಡ. ಎಣಿಸಿ ಎಣಿಸಿ ಅನ್ನ ಕಂಡರೇ ಭಯವಾಗುವ ಹಂತಕ್ಕೆ ಬಂದವರು ಇದನ್ನೆಲ್ಲ ಅಲ್ಲಿಗೇ ನಿಲ್ಲಿಸಿ ಯಾರಿಗಾದರೂ ತೋರಿಸಿಕೊಳ್ಳಿ.

ಸೊಸೆ ನಾಲ್ಕು ತಿಂಗಳಲ್ಲಿ ಮೂರು ಕೆಜಿ ಇಳಿದಿದ್ದಾಳೆ. ನೋಟ್‌ಬುಕ್ ಬರೆಯುವುದನ್ನು ಎರಡನೇ ತಿಂಗಳಿಗೇ ಬಿಟ್ಟಳು, ಕಣ್ಣಳತೆ ಕೂತಿತ್ತು. ಎಣ್ಣೆ ಡಬ್ಬಿಯ ಕುತ್ತಿಗೆಗೆ ನಾನು ದಾರ ಕಟ್ಟಿ ಚಮಚ ನೇತುಹಾಕಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಯಾರೋ ಬಿಚ್ಚಿ ಡ್ರಾಯರ್‌ನಲ್ಲಿ ಬಚ್ಚಿಡುತ್ತಾರೆ. ಯಾರು ಅಂತ ನನಗೆ ಗೊತ್ತು. ವಾಕಿಂಗ್ ಮಾಡಿ ಕರಗಿಸುವವರು.