ಗದ್ದೆ ದಾಟಿ ತೋಟಕ್ಕೆ ಗಟ್ಟಿ ದಾರಿ

ಮಲೆನಾಡಿನ ಎಷ್ಟೋ ಅಡಿಕೆ ತೋಟಗಳಿಗೆ ಗದ್ದೆ ದಾಟಿಯೇ ಹೋಗಬೇಕು. ಗೊಬ್ಬರ ಒಯ್ಯಬೇಕಿರಲಿ, ಅಡಿಕೆ ಗೊನೆ ತರಬೇಕಿರಲಿ, ಮಳೆಗಾಲದಲ್ಲಿ ತಲೆಹೊರೆಯೇ ಗತಿ. ಈಗ ಜೆಸಿಬಿ ಸುಲಭಕ್ಕೆ ಸಿಗುತ್ತದೆ, ಮಣ್ಣು ಸುರಿದು ಬೇಗ ಏರಿ ಹಾಕಿಬಿಡುತ್ತಾರೆ. ಒಂದೇ ಮಳೆಗಾಲಕ್ಕೆ ಅದು ಕಿತ್ತುಹೋಗುತ್ತದೆ. ಗಾಡಿಯ ಭಾರಕ್ಕಿಂತ ಜಾಸ್ತಿ ಇಂಥ ರಸ್ತೆಯನ್ನು ಕೆಡಿಸುವುದು ನೀರು.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಮಳೆಗಾಲದಲ್ಲೇ. ಪುನರ್ವಸು, ಪುಷ್ಯ ಮಳೆ ಜೋರು ಹಿಡಿದಾಗ ಗದ್ದೆಗೆ ಹೋಗಿ. ನೀರು ಎಲ್ಲೆಲ್ಲಿ ಹರಿಯುತ್ತದೆ, ಎಷ್ಟು ಎತ್ತರ ನಿಲ್ಲುತ್ತದೆ ನೋಡಿ, ಗೂಟ ಹೊಡೆದು ಗುರುತು ಮಾಡಿ. ಮೇಲಿನ ಗದ್ದೆಯವರನ್ನೂ ಜೊತೆಗೆ ಕರೆಯಿರಿ. ನಿಮ್ಮ ಏರಿಯಿಂದ ಅವರ ಗದ್ದೆಯಲ್ಲಿ ನೀರು ನಿಂತು ಸಸಿ ಕೊಳೆತರೆ ಅನ್ಯಾಯ ಅಲ್ವಾ? ನಡುವೆ ಸರ್ಕಾರಿ ಹಳ್ಳವಿದ್ದರೆ ಪಂಚಾಯಿತಿಯಲ್ಲಿ ಮೊದಲೇ ಕೇಳಿ. ನೀರು ನಿಂತ ಗುರುತಿಗಿಂತ ಏರಿ ಕನಿಷ್ಠ 2 ಅಡಿ ಮೇಲಿರಲಿ.

ಮಣ್ಣು ಹಾಕುವುದು ಜನವರಿಯಿಂದ ಮಾರ್ಚ್ ಒಳಗೆ, ಗದ್ದೆ ಒಣಗಿದ ಮೇಲೆ. ಮೇಲಿನ ಅರ್ಧ ಅಡಿ ಕಪ್ಪು ಮಣ್ಣನ್ನು ಕೂಳೆ, ಬೇರಿನ ಸಮೇತ ಕೆರೆದು ಪಕ್ಕಕ್ಕಿಡಿ. ಆಮೇಲೆ ಬೇಕಾಗುತ್ತದೆ. ಬೇಸಿಗೆಯಲ್ಲೂ ಆರದ ಹುದುಲು ಸಿಕ್ಕರೆ ಅಗೆಯುತ್ತಾ ಹೋಗಬೇಡಿ. ತೆಂಗಿನ ನಾರಿನ ಹಾಸು ಹಾಸಿ, ಅದರ ಮೇಲೆ ಕಲ್ಲು ತುಂಬಿ. 1830ರಲ್ಲಿ ಶುರುವಾದ ಇಂಗ್ಲೆಂಡಿನ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ದಾರಿಯನ್ನು ಚಾಟ್ ಮಾಸ್ ಎಂಬ ದೊಡ್ಡ ಹುದುಲಿನ ಮೇಲೆ ಕಟ್ಟಿದ್ದೂ ಹೀಗೇ. ಸೊಪ್ಪು, ರೆಂಬೆ, ಹೆಣೆದ ತಟ್ಟಿ ಹಾಸಿ ಭಾರವನ್ನು ಹರಡಿದರು. ಅಲ್ಲಿ ಇವತ್ತಿಗೂ ರೈಲು ಓಡುತ್ತದೆ.

ಟ್ರ್ಯಾಕ್ಟರ್ ಓಡಾಡಲು ಮೇಲೆ 12 ಅಡಿ ಅಗಲ ಸಾಕು. ಪಕ್ಕದ ಇಳಿಜಾರು 1 ಅಡಿ ಎತ್ತರಕ್ಕೆ 2 ಅಡಿಯಂತೆ ಇರಲಿ. ಅಂದರೆ 3 ಅಡಿ ಎತ್ತರದ ಏರಿಗೆ ಬುಡ 24 ಅಡಿ. ಜಾಗ ಉಳಿಸಲು ಪಕ್ಕವನ್ನು ನೆಟ್ಟಗೆ ಕಡಿದರೆ ಮಳೆಗೆ ಜರಿಯುತ್ತದೆ.

ಈಗ ಏರಿಯ ಅಡಿಯಿಂದ ನೀರು ದಾಟಿಸುವ ಮೋರಿ. ಹೆಚ್ಚಿನವರು ಎಡವುವುದು ಇಲ್ಲೇ. ಗೂಟ ಹೊಡೆದ ಕಡೆಯಲ್ಲೆಲ್ಲ ಪೈಪ್ ಬೇಕು, ನಿಮಗೆ ಅನುಕೂಲವಾದ ಕಡೆ ಅಲ್ಲ. ದುಡ್ಡು ಉಳಿಸಲು ಸಣ್ಣ ಪೈಪ್ ಹಾಕಿದರೆ ಅಡಿಕೆ ಸೋಗೆ, ಹಾಳೆ ಬಂದು ಬಾಯಿ ಕಟ್ಟುತ್ತದೆ. ಮುಖ್ಯ ಹರಿವಿಗೆ 2 ಅಡಿ ವ್ಯಾಸದ ಹ್ಯೂಮ್ ಪೈಪೇ (ಕಾಂಕ್ರೀಟ್ ಪೈಪ್) ಇರಲಿ. ಅದರ ಮೇಲೆ ಕನಿಷ್ಠ 2 ಅಡಿ ಮಣ್ಣು ಬೇಕು, ಇಲ್ಲದಿದ್ದರೆ ಲೋಡ್ ಗಾಡಿಗೆ ಪೈಪ್ ಒಡೆಯುತ್ತದೆ. ಹಾಗಾಗಿ ಅಲ್ಲಿ ಮಾತ್ರ ಏರಿಯನ್ನು ನಾಲ್ಕೂವರೆ ಅಡಿಗೆ ಎತ್ತಿ, ಎರಡೂ ಕಡೆ ನಿಧಾನಕ್ಕೆ ಇಳಿಸಿ. ಬುಡ 30 ಅಡಿ ಆಗುತ್ತದೆ, ಎರಡೂವರೆ ಮೀಟರ್ ಉದ್ದದ ಪೈಪ್ ನಾಲ್ಕು ಬೇಕು. ಪೈಪಿನ ತಳ ಗದ್ದೆಯ ಮಟ್ಟಕ್ಕೇ ಇರಲಿ, ಕೆಳಗಿನ ಗದ್ದೆಯ ಕಡೆಗೆ ಸ್ವಲ್ಪ ವಾಟ ಕೊಡಿ. ಎರಡೂ ಬಾಯಿಗೆ ಕಲ್ಲು ಕಟ್ಟಿಸಿ.

ತುಂಬಲು ಗರಸು ಮಣ್ಣು ಒಳ್ಳೆಯದು. ಅರ್ಧ ಅಡಿ ಹಾಕಿ, ರೋಲರ್ ಹೊಡೆಸಿ, ಮತ್ತೆ ಅರ್ಧ ಅಡಿ. ಮಣ್ಣಿನ ಹದ ಕೈಯಲ್ಲೇ ಗೊತ್ತಾಗುತ್ತದೆ. ಹಿಡಿ ಮಣ್ಣು ಒತ್ತಿದರೆ ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು. ಪುಡಿಯಾದರೆ ನೀರು ಚಿಮುಕಿಸಿ, ಅಂಟಿದರೆ ಒಣಗಲು ಬಿಡಿ. ಪೈಪಿನ ಅಕ್ಕಪಕ್ಕ ರೋಲರ್ ಬೇಡ, ಕೈ ದಮ್ಮಸಿನಲ್ಲೇ ಎರಡೂ ಬದಿ ಸಮನಾಗಿ ಕುಟ್ಟಿ. ಕೊನೆಯ ಪದರದಲ್ಲಿ ನಡುಭಾಗ ಅಂಚಿಗಿಂತ 3 ಇಂಚು ಎತ್ತರವಿದ್ದರೆ ಮಳೆನೀರು ಮೇಲೆ ನಿಲ್ಲುವುದಿಲ್ಲ.

ಪಕ್ಕಕ್ಕಿಟ್ಟ ಕಪ್ಪು ಮಣ್ಣನ್ನು ಇಳಿಜಾರಿಗೆ ಬಳಿದು, ಮಳೆ ಹಿಡಿಯುತ್ತಿದ್ದಂತೆ ಗರಿಕೆ, ಲಾವಂಚ ನೆಡಿ. ಮೊದಲ ವರ್ಷ ಕಾಂಕ್ರೀಟ್ ಬೇಡವೇ ಬೇಡ. ಮಳೆಗಾಲ ಕಳೆದ ಮೇಲೆ ಏರಿ ಅಲ್ಲಲ್ಲಿ ಕುಸಿದಿರುತ್ತದೆ, ಅಲ್ಲಿಗೆ ಗರಸು ತುಂಬಿ ಮತ್ತೆ ರೋಲರ್ ಹೊಡೆಸಿ. ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲು ಪೈಪಿನ ಎರಡೂ ಬಾಯಿ ಬಿಡಿಸಿಡಿ.