ಅಂಗಳಕ್ಕೆ ಮರ, ಬೇಲಿಗೆ ಗಿಡ: ನಾನು ಆರಿಸಿದ ಬಗೆ

ಗಿಡ ತರುವ ಮೊದಲು ಅಂಗಳಕ್ಕೆ ಒಂದು ಗೂಟ, ಒಂದು ಹಗ್ಗ, ಒಂದು ಬುಟ್ಟಿ ಬೂದಿ ತಂದಿಟ್ಟುಕೊಂಡೆ. ಮರ ಬರಬೇಕೆಂದುಕೊಂಡ ಜಾಗದಲ್ಲಿ ಗೂಟ ಹೊಡೆದು, ಅದು ಬಲಿತಾಗ ಕೊಂಬೆ ಎಷ್ಟು ದೂರ ಚಾಚುತ್ತದೋ ಅಷ್ಟುದ್ದ ಹಗ್ಗ ಬಿಟ್ಟು, ಸುತ್ತಲೂ ಬೂದಿಯ ಗೆರೆ ಎಳೆದೆ. ಮಾವಿಗೆಂದು 5 ಮೀಟರ್ ಹಗ್ಗ ಹಿಡಿದರೆ ಗೆರೆ ಮನೆಯ ಗೋಡೆಗೆ ಬಂದು ಬಡಿಯಿತು. ಮಾವಿನ ಆಸೆ ಅಲ್ಲೇ ಬಿಟ್ಟೆ. ಮರವನ್ನು ವರ್ಷವರ್ಷ ಕಡಿದು ಚಿಕ್ಕದಾಗಿ ಇಟ್ಟುಕೊಳ್ಳುತ್ತೇನೆ ಅನ್ನುವವರಿದ್ದಾರೆ. ದೊಡ್ಡದಾಗುವ ಜಾತಿಯನ್ನು ತಂದು ಅದರ ಬೆಳವಣಿಗೆಯ ಜೊತೆ ಜೀವನಪೂರ್ತಿ ಗುದ್ದಾಡುವುದು ನನಗೆ ಸರಿಕಾಣುವುದಿಲ್ಲ. ಎರಡು, ಎರಡೂವರೆ ಮೀಟರ್ ಹಗ್ಗದಲ್ಲಿ ಮುಗಿಯುವ ಸೀಬೆ, ನಿಂಬೆ, ಪಾರಿಜಾತ, ಕರಿಬೇವು ನನ್ನ ಅಂಗಳಕ್ಕೆ ಹೊಂದಿದವು. ಕರಿಬೇವು ಬೇರಿನಿಂದಲೇ ಮರಿ ಒಡೆಯುತ್ತದೆ, ಅದಕ್ಕೊಂದು ಮೂಲೆ ಬಿಟ್ಟುಕೊಟ್ಟೆ.

ಪಡುವಣದ ಗೋಡೆ ಸಂಜೆಯವರೆಗೂ ಬಿಸಿಲಿಗೆ ಕಾದು ಸುಡುತ್ತಿತ್ತು. ಅಲ್ಲಿ ಮಾತ್ರ ನೆರಳಿಗೆಂದು ಒಂದು ಹೊಂಗೆ, ಅದೂ ಗೋಡೆಯಿಂದ ಸಾಕಷ್ಟು ದೂರಕ್ಕೆ. ಇಳಿಬಿಸಿಲು ಓರೆಯಾಗಿ ಬೀಳುವುದರಿಂದ ಮರ ದೂರವಿದ್ದರೂ ನೆರಳು ಗೋಡೆಗೆ ಮುಟ್ಟುತ್ತದೆ.

ಬೇರಿನ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ ಎಂದು ಬಹಳ ಜನ ನಂಬಿದ್ದಾರೆ. ನೀರು, ಸಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಹರಡುವುದು ಕೊಂಬೆಯ ಅಂಚಿಗಿಂತಲೂ ಎಷ್ಟೋ ಆಚೆಗೆ. ಗಟ್ಟಿಯಾಗಿರುವ ಪೈಪನ್ನು ಬೇರು ಸಾಮಾನ್ಯವಾಗಿ ಒಡೆಯುವುದಿಲ್ಲ. ಜಾಯಿಂಟ್ ಸೋರುತ್ತಿದ್ದರೆ ಆ ತೇವ ಹಿಡಿದು ಒಳಗೆ ನುಗ್ಗುತ್ತದೆ. ಹಾಗಾಗಿ ಮೊದಲು ಚರಂಡಿ ಪೈಪಿನ ಜಾಯಿಂಟ್‌ಗಳನ್ನು ನೋಡಿಸಿದೆ, ಆಮೇಲೆ ಗುಂಡಿ ತೋಡಿದೆ. ಆಲ, ಅರಳಿ, ಅತ್ತಿಯ ಕುಲದ ಯಾವುದನ್ನೂ ಮನೆಯ ಹತ್ತಿರ ಸೇರಿಸಲಿಲ್ಲ.

ನೀರು ಇಂಗುತ್ತದೆಯೇ ಎಂದು ತಿಳಿಯಲು ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ, ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿದೆ. ಎರಡನೇ ಸಲ ಗಂಟೆಗೆ ಒಂದು ಅಂಗುಲವಾದರೂ ಇಳಿದರೆ ಹೆಚ್ಚಿನ ಮರಗಳಿಗೆ ಸಾಕು. ಇಳಿಯದೆ ನಿಂತ ಮೂಲೆಗೆ ಪಪ್ಪಾಯಿ, ನಿಂಬೆ ಎರಡೂ ಬೇಡ, ಬುಡ ಕೊಳೆಯುತ್ತದೆ.

ನರ್ಸರಿಯಲ್ಲಿ ಎತ್ತರದ ಸಸಿಗಳಿಗೆ ಕೈ ಹಾಕಲಿಲ್ಲ. ಸಣ್ಣ ಚೀಲದಲ್ಲಿ ಬಹುಕಾಲ ನಿಂತ ಗಿಡದ ಬೇರು ಸುತ್ತಿಸುತ್ತಿ ಸುರುಳಿಯಾಗಿರುತ್ತದೆ. ನೆಡುವಾಗ ಚೀಲ ಸೀಳಿ, ಹೊರಗಿನ ಬೇರುಗಳನ್ನು ಬೆರಳಿನಿಂದ ಬಿಡಿಸಿದೆ. ಕಾಂಡವನ್ನೇ ಸುತ್ತಿಕೊಂಡಿದ್ದ ದಪ್ಪ ಬೇರನ್ನು ಕತ್ತರಿಸಿ ತೆಗೆದೆ. ಬಿಟ್ಟರೆ ಮುಂದೆ ಕಾಂಡ ದಪ್ಪವಾದಂತೆ ಅದೇ ಬೇರು ಬಿಗಿದು ಮರವನ್ನು ಸೊರಗಿಸುತ್ತದೆ. ಗುಂಡಿಯನ್ನು ಅಗಲ ಮಾಡಿದೆ, ಆಳವನ್ನು ಬೇರಿನ ಮುದ್ದೆಯಷ್ಟಕ್ಕೇ ನಿಲ್ಲಿಸಿದೆ. ಕಾಂಡ ಅಗಲವಾಗಿ ಬೇರಾಗುವ ಜಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು.

ಬೇಲಿಗೆ ಕಾಂಪೌಂಡಿಗಿಂತ ಗಿಡವೇ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆಗೆ ಬಡಿದ ಗಾಳಿ ಮೇಲೇರಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ; ಎಲೆಗಳ ನಡುವೆ ನುಸುಳಿದ ಗಾಳಿ ಬಲ ಕಳೆದುಕೊಂಡು ಒಳಗೆ ಬರುತ್ತದೆ. ಕಣಗಿಲೆ ಚೆಂದ, ನೀರೂ ಹೆಚ್ಚು ಬೇಡ, ಆದರೆ ಎಲೆಯಿಂದ ಬೇರಿನವರೆಗೆ ವಿಷ. ಮಕ್ಕಳು ಆಡುವ ಅಂಗಳಕ್ಕೆ ಬೇಡವೆಂದೆ. ಲಂಟಾನಕ್ಕೂ ಜಾಗವಿಲ್ಲ, ಹಕ್ಕಿಗಳು ಅದರ ಬೀಜವನ್ನು ಎಲ್ಲೆಲ್ಲೋ ಬಿತ್ತುತ್ತವೆ. ಬಿಸಿಲು ಹೆಚ್ಚಿರುವ ಒಣ ಬದಿಗೆ ಗೋರಂಟಿ, ರಸ್ತೆಯ ಬದಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಇದನ್ನು ಅದೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಡ್ಡಿ ನೆಟ್ಟರೆ ಚಿಗುರುತ್ತದೆ. ನಡುನಡುವೆ ದಾಸವಾಳ ಸೇರಿಸಿದೆ. ಇಡೀ ಸಾಲು ದಾಸವಾಳವೇ ಆದರೆ ಬಿಳಿ ಹಿಟ್ಟಿನಂತೆ ಅಂಟುವ ಹಿಟ್ಟು ತಿಗಣೆ ಹುಳ ಒಂದು ಗಿಡಕ್ಕೆ ಬಿದ್ದದ್ದು ಸಾಲಿನುದ್ದಕ್ಕೂ ಹರಿಯುತ್ತದೆ.

ಗೋರಂಟಿಯನ್ನು ಒಂದೊಂದು ಅಡಿಗೆ, ದಾಸವಾಳಕ್ಕೆ ಎರಡರಿಂದ ಮೂರು ಅಡಿ ಬಿಟ್ಟು ನೆಟ್ಟೆ. ಸಸಿ ಮೊಣಕಾಲೆತ್ತರ ಬಂದ ಕೂಡಲೇ ಅರ್ಧಕ್ಕೆ ಸವರಿದೆ. ನೋಡಿದವರಿಗೆ ಕರುಳು ಚುರುಕ್ ಎನ್ನುತ್ತದೆ, ಆದರೆ ಬುಡದಲ್ಲಿ ಕವಲೊಡೆಯಲು ಬೇರೆ ದಾರಿಯಿಲ್ಲ. ಆಮೇಲಿನ ಕತ್ತರಿಯಲ್ಲಿ ಬುಡ ಅಗಲ, ತಲೆ ಕಿರಿದು ಇಟ್ಟುಕೊಂಡು ಬಂದೆ. ತಲೆ ಅಗಲವಾದರೆ ಕೆಳಗಿನ ಎಲೆಗೆ ಬಿಸಿಲು ಸಿಗದೆ ಬುಡ ಬೋಳಾಗಿ, ನಾಯಿ ನುಸುಳುವಷ್ಟು ಸಂದಿ ಬೀಳುತ್ತದೆ.

ಸಾಲನ್ನು ಗಡಿಯ ಮೇಲೇ ನೆಡದೆ ಒಂದು ಮೀಟರ್ ಒಳಗೆ ಸರಿಸಿದ್ದೇನೆ. ಬೇಲಿಯ ಹೊರಮೈಯನ್ನೂ ನನ್ನ ನೆಲದಲ್ಲೇ ನಿಂತು ಸವರಬಹುದು, ಪಕ್ಕದವರ ಹಿತ್ತಿಲಿಗೆ ಕೊಂಬೆ ಚಾಚುವುದಿಲ್ಲ.